ಇಪ್ಪತ್ತನೆಯ ಶಾಲು

ನನ್ನ ಮನೆಯಲ್ಲಿ ಹತ್ತೊಂಬತ್ತು ಶಾಲುಗಳಿವೆ. ಒಂದು ಟಿವಿಯ ಮೇಲೆ, ಒಂದು ಹೊಲಿಗೆ ಯಂತ್ರದ ಮೇಲೆ, ಎರಡು ಜೋಳದ ಡಬ್ಬಿಯ ಕೆಳಗೆ. ಒಂದನ್ನು ಕತ್ತರಿಸಿ ನೆಲ ಒರೆಸಲು ಇಟ್ಟುಕೊಂಡರೆ ಅದು ನೀರನ್ನೇ ಹೀರುವುದಿಲ್ಲ. ಚಳಿಗೂ ಬರುವುದಿಲ್ಲ, ಯಾಕೆಂದರೆ ಸನ್ಮಾನದ ಶಾಲನ್ನು ಯಾರೂ ಚಳಿಗೆಂದು ನೇಯ್ದಿರುವುದಿಲ್ಲ. ನನಗೆ ಮೂರು ವರ್ಷವಾಗಿದ್ದಾಗ ಪೋಲಿಯೋ ಬಂದು ಬಲಗಾಲು ಸೊರಗಿತು. ಅದನ್ನು ಬಿಟ್ಟರೆ ಈ ಶಾಲುಗಳಿಗಾಗಿ ನಾನು ಮಾಡಿದ ಸಾಧನೆ ಏನೂ ಇಲ್ಲ. ಡಿಸೆಂಬರ್ ಬಂದರೆ ಸಾಕು, ಬೀದರಿನ ಮೈಲೂರಿನಲ್ಲಿರುವ ನಮ್ಮ ಮನೆಗೆ ಯಾವುದಾದರೂ ಸಂಘದವರ ಫೋನು ಬರುತ್ತದೆ: "ಸಿದ್ದೇಶ್ವರಿ ಮೇಡಂ, ಹತ್ತು ಗಂಟಿಗಿ ಬಂದುಬಿಡ್ರಿ, ಸನ್ಮಾನ ಅದ." ಹತ್ತು ಗಂಟೆಗೆ ಹೋದರೆ ಒಂದು ಗಂಟೆಗೆ ಶಾಲು ಬರುತ್ತದೆ.

ನನಗೀಗ ನಲವತ್ತಾರು. ಇಷ್ಟು ವರ್ಷದಲ್ಲಿ ಹತ್ತೊಂಬತ್ತು ಸಲ ನನ್ನನ್ನು ವೇದಿಕೆ ಹತ್ತಿಸಿದ್ದಾರೆ, ಒಂದು ಸಲವೂ ಯಾರೂ ಆಟಕ್ಕೆ ಕರೆದಿಲ್ಲ. ಶಾಲೆಯಲ್ಲಿ ಆಟದ ಪಿರಿಯಡ್ಡು ಬಂದರೆ ಉಳಿದವರ ಚಪ್ಪಲಿ ಕಾಯುವುದು ನನ್ನ ಕೆಲಸವಾಗಿತ್ತು. ನಲವತ್ತು ಜೊತೆ ಚಪ್ಪಲಿಯ ನಡುವೆ ಕೂತು ಲಗೋರಿ ನೋಡುತ್ತಿದ್ದೆ. ಆ ಸಿಟ್ಟು ಇನ್ನೂ ಆರಿಲ್ಲ, ಆರಿಸಿಕೊಳ್ಳುವ ಮನಸ್ಸೂ ಇಲ್ಲ. ಸಿದ್ದೇಶ್ವರಿಗೆ ಮೂಗಿನ ತುದಿಯಲ್ಲೇ ಕೋಪ ಅಂತ ನಮ್ಮ ಓಣಿಯವರು ಹೇಳುತ್ತಾರೆ. ಅವರು ನನ್ನ ಊರುಗೋಲಿನ ತುದಿಯನ್ನು ಸರಿಯಾಗಿ ನೋಡಿಲ್ಲ.

ಈ ಸಿಟ್ಟನ್ನೇ ನಾನು ಉದ್ಯೋಗ ಮಾಡಿಕೊಂಡಿದ್ದೇನೆ. ಮಕ್ಕಳ ಶಿಬಿರ ನಡೆಸುವ ಹುಡುಗ ಹುಡುಗಿಯರಿಗೆ, ಅಂಗವಿಕಲ ಮಕ್ಕಳನ್ನು ಆಟದೊಳಗೆ ಸೇರಿಸಿಕೊಳ್ಳುವುದು ಹೇಗೆ ಎಂದು ಕಲಿಸುತ್ತೇನೆ. ಈ ಏಪ್ರಿಲ್‌ನಲ್ಲಿ ಭಾಲ್ಕಿಯ ಒಂದು ಕಲ್ಯಾಣ ಮಂಟಪದಲ್ಲಿ ಐದು ದಿನ, ಮೂವತ್ತೊಂದು ಮಂದಿಗೆ ತರಬೇತಿ ಕೊಟ್ಟೆ. ಅವರ ಮೇಲ್ವಿಚಾರಕ ಸಂಜುಕುಮಾರ ಒಳ್ಳೆಯ ಹುಡುಗ. ಕೆಟ್ಟವರಾದರೆ ಬೈದು ಮುಗಿಸಬಹುದು, ಒಳ್ಳೆಯವರ ಜೊತೆ ಏಗುವುದೇ ಕಷ್ಟ. ಮೊದಲ ದಿನವೇ "ಪಾಪ" ಅನ್ನುವ ಮಾತನ್ನು ಬಂದ್ ಮಾಡಿಸಿದೆ. ಯಾರ ಬಾಯಿಂದ ಬಂತೋ ಅವರು ಮಂಟಪಕ್ಕೆ ಒಂದು ಸುತ್ತು ಓಡಬೇಕು. ಸಂಜುಕುಮಾರ ಒಂದೇ ದಿನ ಹದಿನಾಲ್ಕು ಸುತ್ತು ಓಡಿದ.

ಆಮೇಲೆ ಕೆಲಸ ಶುರುವಾಯಿತು. ಕಿವಿ ಕೇಳದ ಮಗುವಿಗೆ ಸೀಟಿಯ ಜೊತೆ ಬಾವುಟವನ್ನೂ ತೋರಿಸಿ. ಕಣ್ಣು ಕಾಣದ ಮಗುವಿಗಾಗಿ ಚೆಂಡಿನೊಳಗೆ ಗೆಜ್ಜೆ ಹಾಕಿ. ಓಡಲಾಗದ ಮಗುವನ್ನು ಅಂಕ ಬರೆಯಲು ಕೂಡಿಸಬೇಡಿ, ಆಟದ ನಿಯಮವನ್ನೇ ಸ್ವಲ್ಪ ಬಗ್ಗಿಸಿ. ಯಾರನ್ನೂ ಮೂಲೆಯಲ್ಲಿ ಇಡಬೇಡಿ. ಎಲ್ಲರೂ ತಲೆ ಬಗ್ಗಿಸಿ ವಹಿಯಲ್ಲಿ ಬರೆದುಕೊಂಡರು. ಐದನೆಯ ದಿನ ಸಮಾರೋಪವಾಯಿತು, ನನಗೆ ಹತ್ತೊಂಬತ್ತನೆಯ ಶಾಲು ಬಂತು.

ಮೇ ತಿಂಗಳಲ್ಲಿ ಶಿಬಿರಗಳು ನಡೆದವು. ಔರಾದಿನ ಶಿಬಿರ ನೋಡಲು ಹೋದಾಗ ಅಲ್ಲಿಯ ಶಿಕ್ಷಕಿ ಸುಮಿತ ನನ್ನನ್ನು ನೇರವಾಗಿ ಮೈದಾನಕ್ಕೆ ಎಳೆದುಕೊಂಡು ಹೋದಳು. ಭಾಲ್ಕಿಯಲ್ಲಿ ಕಲಿತವರಲ್ಲಿ ಇವಳೂ ಒಬ್ಬಳು, ಇಪ್ಪತ್ತೆರಡು ವರ್ಷ.

"ಮೇಡಂ, ನಮ್ಮ ಉಜ್ವಲಾಗ ನೋಡ್ರಿ," ಅಂದಳು.

ಉಜ್ವಲಾಗೆ ಹನ್ನೊಂದು ವರ್ಷ. ಹುಟ್ಟಿನಿಂದಲೇ ಎರಡೂ ಕಾಲಿನಲ್ಲಿ ಬಲವಿಲ್ಲ. ಎರಡೂ ಕೈಗೆ ನೀಲಿ ಹವಾಯಿ ಚಪ್ಪಲಿ ಹಾಕಿಕೊಂಡು, ಅಂಗೈ ಊರಿ, ಕುಂಡಿಯನ್ನು ಎತ್ತಿ ಎತ್ತಿ ಮುಂದೆ ಸರಿಯುತ್ತಾಳೆ. ಹಾಗಾಗಿ ಉಳಿದ ಮಕ್ಕಳಿಗಿಂತ ಹಿಂದೆ ಬಿದ್ದಿರುತ್ತಾಳೆ ಎಂದು ನೀವು ಅಂದುಕೊಂಡರೆ ನೀವೂ ಮಂಟಪಕ್ಕೆ ಒಂದು ಸುತ್ತು ಓಡಬೇಕು. ಅವಳ ಅಪ್ಪ ಹಾವಗೆಪ್ಪ ಕುರಿ ಸಾಕುವವನು. ಹುಡುಗಿ ಬದುವಿನ ಮೇಲೆ ಕೂತು ದಿಕ್ಕು ತಪ್ಪಿದ ಕುರಿಯನ್ನು ಮಣ್ಣಿನ ಹೆಂಟೆ ಎಸೆದು ತಿರುಗಿಸುತ್ತಾಳೆ. ಹೆಂಟೆ ಕುರಿಯ ಮೂಗಿನ ಮುಂದೆ ಒಂದು ಗೇಣು ದೂರಕ್ಕೆ ಬೀಳಬೇಕು. ಕುರಿಗೆ ತಾಗಿದರೆ ಅಪ್ಪನ ಬೈಗುಳ. ಐದು ವರ್ಷ ಇದೇ ಅಭ್ಯಾಸ ಮಾಡಿದ ಕೈ ಅದು.

ಅವಳ ಆಟ ಲಗೋರಿ. ಏಳು ಚಪ್ಪಟೆ ಕಲ್ಲಿನ ಗುಪ್ಪೆಯನ್ನು ಚೆಂಡು ಎಸೆದು ಬೀಳಿಸಬೇಕು. ಎದುರಿನವರು ಚೆಂಡಿನಿಂದ ಹೊಡೆಯುವುದರೊಳಗೆ ಮತ್ತೆ ಏಳನ್ನೂ ಜೋಡಿಸಬೇಕು. ಉಜ್ವಲಾ ಕೂತೇ ಎಸೆಯುತ್ತಾಳೆ, ಗುಪ್ಪೆ ಬಿದ್ದ ಕೂಡಲೇ ಸರಸರ ಸರಿದು ಹೋಗಿ ಕಲ್ಲಿನ ಪಕ್ಕ ಕೂರುತ್ತಾಳೆ. ಉಳಿದವರು ಚದುರಿದ ಕಲ್ಲನ್ನು ಅವಳ ಕೈಗೆ ಮುಟ್ಟಿಸುತ್ತಾರೆ, ಜೋಡಿಸುವವಳು ಅವಳೇ. ಈ ಉಪಾಯವನ್ನು ನಾನು ಕಲಿಸಿದ್ದಲ್ಲ, ಸುಮಿತಳೂ ಅಲ್ಲ, ಮಕ್ಕಳೇ ಮಾಡಿಕೊಂಡಿದ್ದರು. ನಾನು ನನ್ನ ವಹಿ ತೆಗೆದು ಬರೆದುಕೊಂಡೆ.

ಹೊರಡುವಾಗ ಹುಡುಗಿ ನನ್ನ ಊರುಗೋಲು ಹಿಡಿದು ನಿಲ್ಲಿಸಿದಳು. ಶಿಬಿರದ ಕೊನೆಯ ದಿನ ಬೀದರಿನಲ್ಲಿ ಔರಾದು ಮತ್ತು ಭಾಲ್ಕಿಯ ಮಕ್ಕಳ ನಡುವೆ ಪಂದ್ಯವಿತ್ತು.

"ಬೀದರಿನ್ಯಾಗ ನಂಗ ಆಡಸ್ತೀರಿ ಅಲ್ರಿ? ಕಡಿ ಟೈಮಿಗಿ ಕುಂಡ್ರಸಬ್ಯಾಡ್ರಿ ಮತ್ತ."

"ನಾ ಅದೇನಿ," ಎಂದು ಮಾತು ಕೊಟ್ಟೆ.

ಪಂದ್ಯದ ದಿನ ಬೆಳಿಗ್ಗೆ ಒಂಬತ್ತೂವರೆಗೆ ಆಟೋದಿಂದ ಇಳಿದು ಮೈದಾನದ ಗೇಟು ದಾಟುತ್ತಿದ್ದಂತೆ ಶಾಮಿಯಾನ ಕಂಡಿತು. ಅದರ ಕೆಳಗೆ ಎದೆಯೆತ್ತರದ ವೇದಿಕೆ, ವೇದಿಕೆಯ ಮೇಲೆ ಬಸವಣ್ಣನವರ ಫೋಟೋ, ಹಚ್ಚದ ದೀಪ, ಮತ್ತು ಸಾಲಾಗಿ ಏಳು ಪ್ಲಾಸ್ಟಿಕ್ ಖುರ್ಚಿ. ಖುರ್ಚಿಗಳಲ್ಲಿ ಏಳು ಮಕ್ಕಳು. ಏಳೂ ಮಕ್ಕಳ ತಲೆಗೆ ಜರಿಯ ಪೇಟ, ಕೊರಳಿಗೆ ಹಾರ. ಪೇಟಗಳು ದೊಡ್ಡವರ ಅಳತೆಯವು, ಎರಡು ಮಕ್ಕಳ ಕಣ್ಣು ಮುಚ್ಚಿದ್ದವು. ಒಂದು ಮಗುವಿಗೆ ಮೊದಲೇ ಕಣ್ಣು ಕಾಣುವುದಿಲ್ಲ, ಹಾಗಾಗಿ ಅದಕ್ಕೆ ತೊಂದರೆ ಇಲ್ಲ ಎಂದುಕೊಂಡಿದ್ದರೇನೋ. ಶಾಲುಗಳು ಮಾತ್ರ ಪಕ್ಕದ ತಟ್ಟೆಯಲ್ಲಿ ಮಡಚಿಕೊಂಡು ಮುಖ್ಯ ಅತಿಥಿಗಾಗಿ ಕಾಯುತ್ತಿದ್ದವು. ಮೂರನೆಯ ಖುರ್ಚಿಯಲ್ಲಿ ಉಜ್ವಲಾ.

ಕೆಳಗೆ ಮೈದಾನದಲ್ಲಿ ಔರಾದು ಭಾಲ್ಕಿ ಪಂದ್ಯ ಅದಾಗಲೇ ಶುರುವಾಗಿತ್ತು.

ನನ್ನ ಅಂಗಾಲಿನಿಂದ ಹೊರಟ ಸಿಟ್ಟು ನೆತ್ತಿಗೇರಿತು. ಸಂಜುಕುಮಾರ ಹೊಸ ಜುಬ್ಬ ಹಾಕಿಕೊಂಡು ನಗುತ್ತಾ ಎದುರು ಬಂದ. ಮದುಮಗನ ಅಣ್ಣನ ಹಾಗೆ ಓಡಾಡುತ್ತಿದ್ದ.

"ಆ ಮಕ್ಕಳಿಗಿ ಮ್ಯಾಲ ಯಾಕ ಕುಂಡ್ರಸಿದಿ?" ಅಂದೆ.

"ಸನ್ಮಾನ ಅದಲ್ರಿ ಮೇಡಂ. ನೀವೇ ಹೇಳಿದ್ರಿ, ಮೂಲ್ಯಾಗ ಇಡಬ್ಯಾಡ್ರಿ ಅಂತ. ಬಿಲ್ಕುಲ್ ನಟ್ಟನಡುವ ಇಟ್ಟೀವಿ ನೋಡ್ರಿ. ನಿಮ್ದೂ ಶಾಲು ಅದ."

"ಉಜ್ವಲಾಂದು ಮ್ಯಾಚ್ ನಡದದ."

"ಅಕಿ ಬದಲಿ ಇನ್ನೊಬ್ಬ ಹುಡುಗಿಗಿ ಹಾಕೀವ್ರಿ. ಆಟ ದಿನಾ ಇರ್ತದ್ರಿ ಮೇಡಂ, ಸಾಹೇಬ್ರ ಕೈಲಿ ಸನ್ಮಾನ ದಿನಾ ಇರ್ತದೇನ್ರಿ? ಅವರ ಆಯಿಗಿ ನೋಡ್ರಿ, ಖುಷಿಗಿ ಅಳ್ಲಾಕತ್ತಾಳ."

ವೇದಿಕೆಯ ಎದುರು ಮೊದಲ ಸಾಲಿನಲ್ಲಿ ಉಜ್ವಲಾಳ ಅಜ್ಜಿ ಗುಂಡಮ್ಮ ಸೆರಗಿನಿಂದ ಕಣ್ಣು ಒರೆಸಿಕೊಳ್ಳುತ್ತಿದ್ದಳು. ನಿಜಕ್ಕೂ ಖುಷಿಯೇ. ನನ್ನ ಮೊದಲ ಶಾಲಿಗೆ ನಮ್ಮವ್ವನೂ ಹೀಗೇ ಅತ್ತಿದ್ದಳು, ಅದಕ್ಕೇ ನನಗೆ ಆ ಮುದುಕಿಯ ಮೇಲೂ ಸಿಟ್ಟು ಬಂತು. ಯಾರೊಬ್ಬರಿಗೂ ಕೆಟ್ಟ ಮನಸ್ಸಿರಲಿಲ್ಲ. ಇಡೀ ಮೈದಾನದಲ್ಲಿ ಕೆಟ್ಟ ಮನಸ್ಸಿನವಳು ನಾನೊಬ್ಬಳೇ.

ವೇದಿಕೆಗೆ ನಾಲ್ಕು ಮೆಟ್ಟಿಲು. ಜಾರುದಾರಿ ಇಲ್ಲ, ಹಿಡಿಕೆ ಇಲ್ಲ. ಮಕ್ಕಳನ್ನು ಖುರ್ಚಿ ಸಮೇತ ಎತ್ತಿ ಇಟ್ಟಿದ್ದರು. ನಾನು ಅಂಚಿಗೆ ಹೋಗಿ ಊರುಗೋಲಿನಿಂದ ಹಲಗೆ ಕುಟ್ಟಿದೆ. ಉಜ್ವಲಾ ಪೇಟದ ಕೆಳಗಿನಿಂದ ನೋಡಿದಳು. ಅಳುತ್ತಿರಲಿಲ್ಲ. ಅವಳ ಮುಖ ನನ್ನ ಮುಖದ ಹಾಗೇ ಇತ್ತು.

"ನಾ ಅದೇನಿ ಅಂದಿದ್ರಿ," ಅಂದಳು.

"ಇಳದು ಬಾ."

"ಹ್ಯಾಂಗ ಇಳೀಲ್ರಿ? ನನ್ನ ಚಪ್ಪಲ್ ತಗೊಂಡು ಹೋಗ್ಯಾರ."

ಆಗ ನೋಡಿದೆ. ಅವಳ ಕೈಗಳು ತೊಡೆಯ ಮೇಲೆ ಬರಿದಾಗಿ ಬಿದ್ದಿದ್ದವು. ಮೈದಾನದಿಂದ ಓಡಿ ಬಂದ ಸುಮಿತ ಏದುಸಿರು ಬಿಡುತ್ತಾ ಹೇಳಿದಳು: "ದೀಪ ಅದ, ಬಸವಣ್ಣನವರ ಫೋಟೋ ಅದ. ಸ್ಟೇಜ್ ಮ್ಯಾಲ ಯಾರೂ ಚಪ್ಪಲ್ ಹಾಕ್ಬಾರ್ದು ಅಂತ ಎಲ್ಲಾರದೂ ಬಿಚ್ಚಸ್ಯಾರ್ರಿ."

ಮೆಟ್ಟಿಲ ಬುಡದಲ್ಲಿ ಚಪ್ಪಲಿಗಳ ರಾಶಿ ಇತ್ತು. ಸಂಘದವರ ಬೂಟು, ಮೈಕಿನವನ ಸ್ಯಾಂಡಲ್ಲು, ಅವುಗಳ ನಡುವೆ ಅಂಗೈಯ ಜಾಗದಲ್ಲಿ ಸವೆದ ಎರಡು ನೀಲಿ ಹವಾಯಿ ಚಪ್ಪಲಿ. ಅವಳಿಗೆ ಅವು ಕಾಲು. ಭಕ್ತಿಯಿಂದ, ಮರ್ಯಾದೆಯಿಂದ, ಒಂದು ಹುಡುಗಿಯ ಕಾಲುಗಳನ್ನು ಕಳಚಿ ಕೆಳಗಿಟ್ಟು ಅವಳನ್ನು ಮೇಲೆ ಕೂಡಿಸಿದ್ದರು. ಮಾಡಿದವರಿಗೆ ಇದು ಗೊತ್ತೇ ಆಗಿರಲಿಲ್ಲ.

ನಾನು ಸುಮಿತಳ ಮೇಲೆ ಹರಿಹಾಯ್ದೆ. "ಐದು ದಿನ ಬಾಯಿ ಬಡಕೊಂಡೆ. ವಹಿ ತುಂಬ ಬರಕೊಂಡ್ರಿ. ಇದೇ ಏನು ಕಲ್ತಿದ್ದು? ನಿಂಗಾದ್ರೂ ಬುದ್ಧಿ ಬ್ಯಾಡೇನು?"

ಸುಮಿತಳ ಕಣ್ಣು ತುಂಬಿದವು. ಆದರೆ ತಲೆ ತಗ್ಗಿಸಲಿಲ್ಲ.

"ನಂಗಷ್ಟೇ ಬೈಬ್ಯಾಡ್ರಿ ಮೇಡಂ. ಭಾಲ್ಕ್ಯಾಗ ಕಡಿ ದಿವಸ ನಾವೆಲ್ಲ ಅಂಗಳದಾಗ ಲಗೋರಿ ಆಡಿದೇವು. ನೀವೇನು ಮಾಡಿದ್ರಿ? ಚಪ್ಪಲ್ ಕಳದು, ಸ್ಟೇಜ್ ಹತ್ತಿ, ಕುತಗಿ ಬಗ್ಗಿಸಿ ಶಾಲು ಹೊಚ್ಚಿಸಿಕೊಂಡು ಖುರ್ಚಿ ಮ್ಯಾಲ ಕುಂತ್ರಿ. ಬರ್ರಿ, ಆಡ್ರಿ ಅಂತ ನಾನೇ ಬಂದು ಕರದೆ. ನೀವು ನಕ್ಕು ಕೈ ಬೀಸಿದ್ರಿ. ಇಂಥವರಿಗಿ ಹಿಂಗೇ ಮಾಡ್ಬೇಕು ಅಂತ ನಮಗ ಅನ್ಸಿತ್ರಿ. ನಾವು ನೋಡಿದ್ದೇ ಮಾಡೀವಿ."

ಮೇಲೆ ನಾನೊಂದು ಸುಳ್ಳು ಹೇಳಿದ್ದೇನೆ. ಒಂದು ಸಲವೂ ಯಾರೂ ಆಟಕ್ಕೆ ಕರೆದಿಲ್ಲ ಅಂದೆನಲ್ಲ, ಸುಮಿತ ಕರೆದಿದ್ದಳು. ನಾನು ಹೋಗಲಿಲ್ಲ. ಹೆದರಿದ್ದೆ. ಎಸೆದರೆ ಚೆಂಡು ಎಲ್ಲೋ ಬೀಳುತ್ತದೆ, ಮೂವತ್ತೊಂದು ಮಂದಿ ಚಪ್ಪಾಳೆ ಹೊಡೆಯುತ್ತಾರೆ, ಆ ಚಪ್ಪಾಳೆ ಎಂಥದು ಎಂದು ನನಗೆ ಗೊತ್ತಿತ್ತು. ಖುರ್ಚಿ ಸುಲಭ, ಶಾಲು ಅದಕ್ಕಿಂತ ಸುಲಭ. ನಾಲ್ಕು ದಿನ ಬಾಯಲ್ಲಿ ಹೇಳಿದ್ದನ್ನು ಐದನೆಯ ದಿನ ಕುತ್ತಿಗೆಯಿಂದ ಅಳಿಸಿಹಾಕಿದ್ದೆ. ಬೇರೆಯವರ ಮೇಲಿದ್ದ ಸಿಟ್ಟೆಲ್ಲ ತಿರುಗಿ ನನ್ನ ಮೇಲೇ ಬಿತ್ತು.

"ಆಗಲಿ. ತಪ್ಪು ನಂದು," ಅಂದೆ ಸುಮಿತಗೆ. "ಈಗ ಅಕಿಗಿ ಇಳಸ್ರಿ."

"ಮೇಡಂ, ಸಾಹೇಬ್ರ ಗಾಡಿ ಚಿದ್ರಿ ದಾಟ್ಯದ್ರಿ, ಈಗ ಬರ್ತದ!" ಸಂಜುಕುಮಾರ ಅಡ್ಡ ಬಂದ. "ಖುರ್ಚಿ ಖಾಲಿ ಕಂಡ್ರ ನನ್ನ ಇಜ್ಜತ್ ಹೋಗ್ತದ."

"ನಿನ್ನ ಇಜ್ಜತ್ತಿಗಿ ಮಕ್ಕಳು ಯಾಕ ಕುಂಡ್ರಬೇಕು? ನೀನೇ ಪೇಟ ಸುತ್ತಕೊಂಡು ಕುಂಡ್ರು. ಸರಿ ಆ ಕಡಿ!"

ಗುಂಡಮ್ಮ ಎದ್ದು ಬಂದು ಕೈಮುಗಿದಳು. "ಬ್ಯಾಡ ತಾಯಿ, ದೊಡ್ಡವರ ಕೈಲಿ ಶಾಲು ಬರ್ತದ. ನನ್ನ ಮೊಮ್ಮಗಳ ನಸೀಬಿಗಿ ಯಾಕ ಅಡ್ಡ ಬರ್ತೀರಿ?"

ಉತ್ತರ ಮೇಲಿನಿಂದ ಬಂತು. ಉಜ್ವಲಾ ಪೇಟ ಕಿತ್ತು ಖುರ್ಚಿಯ ಕೆಳಗೆ ಒಗೆದಳು. "ಆಯಿ, ನಿಂಗ ಬೇಕಂದ್ರ ನೀನೇ ಬಂದು ಕುಂಡ್ರು. ನಂದು ಪಾಳಿ ಹೋಗ್ಲಾಕತ್ತದ!"

ಸುಮಿತ ಮೆಟ್ಟಿಲು ಹತ್ತಿ ಅವಳನ್ನು ಸೊಂಟಕ್ಕೆ ಎತ್ತಿಕೊಂಡು ಇಳಿದಳು. ನಾನು ಚಪ್ಪಲಿಯ ರಾಶಿಗೆ ಬಗ್ಗಿ ಆ ಎರಡನ್ನು ಹುಡುಕಿ ತೆಗೆದೆ. ಬೇರೆಯವರ ಚಪ್ಪಲಿ ಕಾಯುವುದರಲ್ಲೇ ನನ್ನ ಶಾಲೆ ಮುಗಿದಿತ್ತು, ಒಂದು ಜೊತೆಯನ್ನು ಯಾರಿಗಾದರೂ ಎತ್ತಿ ಕೊಟ್ಟಿದ್ದು ಇದೇ ಮೊದಲು. ಅವಳು ಕೈ ತೂರಿಸಿ, ಧೂಳೆಬ್ಬಿಸುತ್ತಾ, ಹಿಂತಿರುಗಿಯೂ ನೋಡದೆ ಮೈದಾನಕ್ಕೆ ಸರಿದಳು. ಉಳಿದ ಮಕ್ಕಳೂ ಇಳಿಯತೊಡಗಿದರು. ಕಿವಿ ಕೇಳದ ಹುಡುಗ ಯಾರಿಗೂ ಕಾಯದೆ ಹಾರಿದ. ಒಬ್ಬ ಮಾತ್ರ ಸನ್ಮಾನಕ್ಕೆ ಕೊಟ್ಟಿದ್ದ ಹಣ್ಣಿನ ಬುಟ್ಟಿ ಬಿಟ್ಟು ಬರಲು ಒಪ್ಪಲಿಲ್ಲ. ಇರಲಿ, ಅದು ಅವನ ಇಷ್ಟ.

ಪಂದ್ಯದ ಅಂಪೈರ್ ಕುತುಬೋದ್ದೀನ, ಮಾತು ಕಡಿಮೆಯ ಮನುಷ್ಯ. ಕೈಯಲ್ಲಿದ್ದ ಚೀಟಿ ನೋಡಿ, "ಅಕಿ ಹೆಸರು ಅದ. ಬರ್ಲಿ," ಅಂದ. ಭಾಲ್ಕಿ ಒಂದು ಗುಪ್ಪೆ ಮುಂದಿತ್ತು. ಔರಾದಿಗೆ ಕೊನೆಯ ಪಾಳಿ, ಉಳಿದದ್ದು ಮೂರು ಎಸೆತ. ಬದಲಿ ಹುಡುಗಿ ಬದುಕಿದೆಯಾ ಬಡಜೀವವೇ ಎಂದು ಚೆಂಡನ್ನು ಉಜ್ವಲಾಳ ಕೈಗಿಟ್ಟು ಪಕ್ಕಕ್ಕೆ ಸರಿದಳು.

ಮೊದಲ ಎಸೆತ ಗುಪ್ಪೆಯ ಮುಂದೆ ಸರಿಯಾಗಿ ಒಂದು ಗೇಣು ದೂರಕ್ಕೆ ಬಿತ್ತು.

"ಏ ಉಜ್ಜಿ, ಕುರಿ ಅಲ್ಲ ಅದು! ಹೊಡಿ!" ಔರಾದಿನ ನಾಯಕಿ ಬಸವೇಶ್ವರಿ ಕಿರುಚಿದಳು.

ಎರಡನೆಯದೂ ಅಲ್ಲೇ, ಅದೇ ಗೇಣು. ಗಾಬರಿಯಾದಾಗ ಕೈ ಕಲಿತದ್ದನ್ನೇ ಮಾಡುತ್ತದೆ. ಉಜ್ವಲಾ ಕಣ್ಣು ಮುಚ್ಚಿ ಉಸಿರು ಬಿಟ್ಟಳು. ಮೂರನೆಯದು ಹೊಟ್ಟೆಯೊಳಗಿನ ಸಿಟ್ಟನ್ನೆಲ್ಲ ತೆಗೆದುಕೊಂಡು ಹೋಯಿತು. ಏಳೂ ಕಲ್ಲು ಚೆಲ್ಲಾಪಿಲ್ಲಿ.

ಆಮೇಲೆ ಎಲ್ಲ ಓಟ, ಕೂಗು. ಉಜ್ವಲಾ ಸರಿದು ಹೋಗಿ ಕೂತಳು, ಕಲ್ಲುಗಳು ಕೈಗೆ ಬಂದವು. ಒಂದು, ಎರಡು, ಮೂರು. ಔರಾದಿನ ಇಬ್ಬರು ಚೆಂಡಿನೇಟು ತಿಂದು ಹೊರಗೆ ಹೋದರು. ನಾಲ್ಕು, ಐದು. ಚೆಂಡು ಭಾಲ್ಕಿಯ ಮನಿಷಾ ಎಂಬ ಎತ್ತರದ ಹುಡುಗಿಯ ಕೈಗೆ ಸಿಕ್ಕಿತು. ಅವಳ ಎದುರು ಹತ್ತು ಹೆಜ್ಜೆಯಲ್ಲಿ ಉಜ್ವಲಾಳ ಬೆನ್ನು. ಆರನೆಯ ಕಲ್ಲು.

"ಏ, ಅಕಿಗಿ ಹೊಡಿಬ್ಯಾಡ್ರೋ! ಪಾಪ!" ಸಂಜುಕುಮಾರ ಶಾಮಿಯಾನದ ಕೆಳಗಿನಿಂದ ಕೂಗಿದ.

ಮನಿಷಾ ಅವನ ಕಡೆ ನೋಡಲೂ ಇಲ್ಲ. ಕೈ ಬೀಸಿ ಒಗೆದಳು. ಚೆಂಡು ಉಜ್ವಲಾಳ ಬೆನ್ನಿಗೆ ಧಡ್ಡೆಂದು ಬಡಿಯಿತು, ಏಳನೆಯ ಕಲ್ಲು ಕೈಯಿಂದ ಜಾರಿತು. ಶಾಮಿಯಾನದ ಕೆಳಗಿದ್ದ ಜನವೆಲ್ಲ "ಅಯ್ಯಯ್ಯೋ" ಅಂದಿತು. ಕುತುಬೋದ್ದೀನನ ಸೀಟಿ ತುಟಿಯ ಹತ್ತಿರವೇ ನಿಂತಿತ್ತು.

"ಔಟ್!" ಎಂದು ಕೂಗಿದವಳು ನಾನು. "ಔಟ್ ಅದ! ಸೀಟಿ ಹೊಡೀರಿ!"

ಅವನು ಸೀಟಿ ಊದಿದ. ಜೋಡಿಸುವವಳೇ ಔಟಾದ ಮೇಲೆ ಪಾಳಿ ಮುಗಿಯಿತು, ಔರಾದು ಸೋತಿತು. "ಹೆಣ್ಮಗಳಾಗಿ ಕರಳಿಲ್ಲ ನೋಡ್ರಿ ಈಕಿಗಿ," ಎಂದು ಯಾರೋ ನನ್ನ ಹಿಂದೆ ಅಂದರು. ಅನ್ನಲಿ.

ಬಸವೇಶ್ವರಿ ಸೊಂಟದ ಮೇಲೆ ಕೈಯಿಟ್ಟುಕೊಂಡು ಉಜ್ವಲಾಳ ಮುಂದೆ ನಿಂತಳು. "ನಿನ್ನಿಂದೇ ಸೋತೇವು! ಎರಡು ಎಸೆತ ಖಾಲಿಪೀಲಿ ಕಳದಿ! ಕಲ್ಲು ಜಲ್ದಿ ಜಲ್ದಿ ಇಡ್ಲಾಕ ಏನಾಗಿತ್ತು ನಿಂಗ?"

"ನೀ ಕಲ್ಲು ಜಲ್ದಿ ಕೊಟ್ಟಿದ್ರ ಇಡ್ತಿದ್ದೆ! ಕೊನೀದು ಎಲ್ಲಿ ಒಗದಿ? ನನ್ನ ಮಾರಿಗಿ!" ಉಜ್ವಲಾ ಅಳುತ್ತಾ, ಮೂಗು ಒರೆಸಿಕೊಳ್ಳುತ್ತಾ ಬೈದಳು.

ಸುಮಿತ ಸಮಾಧಾನ ಮಾಡಲು ಓಡಿದಳು. ನಾನು ಊರುಗೋಲನ್ನು ಅವಳಿಗೆ ಅಡ್ಡ ಹಿಡಿದೆ.

"ಬೈಸಿಕೊಳ್ಲಿ ಬಿಡು," ಅಂದೆ. "ಸೋತವರಿಗಿ ಬೈತಾರ. ನಂಗ ಇಲ್ಲೀತನ ಯಾರೂ ಬೈದಿಲ್ಲ."

ನನ್ನ ಕಣ್ಣಲ್ಲಿ ನೀರು ಬಂದದ್ದನ್ನು ಸುಮಿತ ನೋಡಿದಳು.

ಸಾಹೇಬರ ಗಾಡಿ ಬಂತು. ದೀಪ ಹಚ್ಚಿದರು. ವೇದಿಕೆಯ ಮೇಲೆ ಆರು ಖಾಲಿ ಖುರ್ಚಿ, ಬುಟ್ಟಿ ಹಿಡಿದ ಒಬ್ಬ ಹುಡುಗ. ಮೈಕಿನಲ್ಲಿ ಸಂಜುಕುಮಾರನ ದನಿ ಕೇಳಿತು: "ಸಿದ್ದೇಶ್ವರಿ ಮೇಡಂ ಅವರು ವೇದಿಕೆಗೆ ಬರಬೇಕು." ಮೈಕಿನಲ್ಲಿ ಮಾತ್ರ ಅವನು ಪುಸ್ತಕದ ಕನ್ನಡ ಮಾತಾಡುತ್ತಾನೆ. ಅಭ್ಯಾಸ ಕೆಟ್ಟದ್ದು, ನನ್ನ ಎಡಗಾಲು ತಾನಾಗಿಯೇ ಎರಡು ಹೆಜ್ಜೆ ಆ ಕಡೆ ಇಟ್ಟಿತು.

ಆಗ ಒಂದು ಚೆಂಡು ಉರುಳಿಕೊಂಡು ಬಂದು ನನ್ನ ಕಾಲಿಗೆ ತಾಗಿ ನಿಂತಿತು. ಎರಡೂ ತಾಲೂಕಿನ ಮಕ್ಕಳು ಮತ್ತೆ ಗುಪ್ಪೆ ಒಟ್ಟಿ ಆಟ ಶುರುಮಾಡಿದ್ದರು. ಉಜ್ವಲಾ ಕಲ್ಲಿನ ಪಕ್ಕದಿಂದಲೇ ಚಪ್ಪಲಿ ಹಾಕಿದ ಕೈಯೆತ್ತಿ ಕಿರುಚಿದಳು.

"ಮೇಡಂ, ಸುಮ್ಮನ ಯಾಕ ನಿಂತೀರಿ? ಚೆಂಡು ಒಗೀರಿ!"

ಬಗ್ಗಿ ಎತ್ತಿಕೊಂಡೆ. ಊರುಗೋಲನ್ನು ಕಂಕುಳಲ್ಲಿ ಒತ್ತಿ ಹಿಡಿದು, ನಲವತ್ತಾರು ವರ್ಷದ ಬಲಗೈಯಿಂದ ಎಸೆದೆ. ಚೆಂಡು ಅಡ್ಡಾದಿಡ್ಡಿ ಹೋಗಿ ಶಾಮಿಯಾನದ ಕಂಬಕ್ಕೆ ಬಡಿಯಿತು. ಯಾರೂ ಚಪ್ಪಾಳೆ ಹೊಡೆಯಲಿಲ್ಲ.

"ಏ, ಹಾಂಗೇನ್ರಿ ಒಗೆಯೋದು? ಕಣ್ಣು ಎಲ್ಲದಾವ್ರಿ?" ಉಜ್ವಲಾ ಬೈದಳು. "ಹೋಗಿ ತರ್ರಿ ಈಗ!"

ಮೈಕಿನಲ್ಲಿ ನನ್ನ ಹೆಸರನ್ನು ಮೂರನೆಯ ಸಲ ಕರೆಯುತ್ತಿದ್ದರು. ನಾನು ಚೆಂಡು ತರಲು ಹೋದೆ.